ಎರಡು ನಿಮಿಷದವಳ ಕಡತ

ನಮ್ಮ ಆಸ್ಪತ್ರೆಯಲ್ಲಿ ಅವಳ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಮಿಕ್ಕವರಿಗೆಲ್ಲ ಅವಳು ಎರಡು ನಿಮಿಷದವಳು. ದಾಖಲೆ ಕೋಣೆಗೆ ಯಾವ ವಾರ್ಡಿನಿಂದ ಫೋನು ಬರಲಿ, ಎಷ್ಟು ಹಳೆಯ ಕಡತ ಬೇಕಾಗಲಿ, ಅವಳು ಹೇಳುತ್ತಿದ್ದುದು ಒಂದೇ ಮಾತು: “ಎರಡು ನಿಮಿಷ.” ಬೇರೆ ಯಾರಾದರೂ ಹಾಗೆಂದರೆ ಅರ್ಧ ಗಂಟೆ ಎಂದು ತಿಳಿದುಕೊಳ್ಳಬೇಕು. ಇವಳು ಹೇಳಿದರೆ ಎರಡೇ ನಿಮಿಷ. ಅಷ್ಟರಲ್ಲಿ ಕಡತ ಧೂಳು ಒರೆಸಿಕೊಂಡು, ಜಾರಿದ ಹಾಳೆಗಳನ್ನು ಒಳಗೆ ಸೇರಿಸಿಕೊಂಡು, ದಾರ ಬಿಗಿಸಿಕೊಂಡು ನನ್ನ ಕಿಟಕಿಯ ಕಟ್ಟೆಯ ಮೇಲೆ ಬಂದು ಕೂರುತ್ತಿತ್ತು.

ನಾನು ಆ ಕಿಟಕಿಯ ಗುಮಾಸ್ತೆ. ಚೀಟಿ ತೆಗೆದುಕೊಳ್ಳುವುದು, ನಂಬರು ಬರೆದುಕೊಳ್ಳುವುದು, ತಡವಾದರೆ ಬೈಸಿಕೊಳ್ಳುವುದು, ಬೈದವರಿಗೆ ತಿರುಗಿ ಬೈಯುವುದು ನನ್ನ ಕೆಲಸ. ಕೊನೆಯದು ನೇಮಕಾತಿ ಪತ್ರದಲ್ಲಿಲ್ಲ, ನಾನೇ ಸೇರಿಸಿಕೊಂಡದ್ದು. ನಿವೃತ್ತಿಗೆ ಇನ್ನೊಂದು ವರ್ಷವಿದೆ. ಮೂವತ್ತು ವರ್ಷ ಕೂತು ಕೂತು ಕುರ್ಚಿ ನನ್ನ ಆಕಾರಕ್ಕೆ ಬಂದಿದೆಯೋ ನಾನು ಕುರ್ಚಿಯ ಆಕಾರಕ್ಕೆ ಬಂದಿದ್ದೇನೋ, ಹೇಳುವುದು ಕಷ್ಟ.

ಅವಳು ಇಪ್ಪತ್ತೊಂದರ ಹುಡುಗಿಯಾಗಿ ಬಂದಾಗ ನಾನೇ ಕೆಲಸ ಕಲಿಸಿದ್ದು. ಕಲಿಸಿದ್ದರಲ್ಲಿ ಮುಖ್ಯವಾದದ್ದು ಕೆಂಪು ರಟ್ಟು. ಕಪಾಟಿನಿಂದ ಒಂದು ಕಡತ ತೆಗೆದರೆ, ತೆಗೆದ ಜಾಗದಲ್ಲಿ ಒಂದು ಕೆಂಪು ರಟ್ಟು ನಿಲ್ಲಿಸಬೇಕು. ರಟ್ಟಿನ ಮೇಲೆ ಕಡತದ ನಂಬರು, ತಾರೀಖು, ತೆಗೆದವರ ಚಿಕ್ಕ ಸಹಿ, ಕಡತ ಎಲ್ಲಿಗೆ ಹೋಯಿತು ಎಂಬ ವಿವರ. ರಟ್ಟಿಲ್ಲದೆ ಹೊರಗೆ ಹೋದ ಕಡತ ಹೋದಂತೆಯೇ. ಅವಳು ರಟ್ಟಿನ ಕಟ್ಟನ್ನು ಮೇಲಂಗಿಯ ಜೇಬಿನಲ್ಲಿ, ಪೆನ್ನನ್ನು ತುರುಬಿನಲ್ಲಿ ಸಿಕ್ಕಿಸಿಕೊಂಡು ಏಣಿ ಹತ್ತುತ್ತಿದ್ದಳು. ಬಲಗೈ ಕಡತ ಎಳೆಯುವಾಗಲೇ ಎಡಗೈ ರಟ್ಟು ತೂರಿಸಿರುತ್ತಿತ್ತು. ಹದಿನಾಲ್ಕು ವರ್ಷ ಇದೇ ಕೆಲಸ. ನಿದ್ದೆಯಲ್ಲಿ ದಿಂಬು ಎಳೆದರೂ ಅಲ್ಲೊಂದು ರಟ್ಟು ಇಡುತ್ತಾಳೆ ಎಂದು ಅವಳ ಗಂಡನೇ ಒಮ್ಮೆ ನಗೆಯಾಡಿದ್ದ.

ಗಂಡ ದೂರದ ಊರುಗಳಿಗೆ ಸರಕಿನ ಲಾರಿ ಓಡಿಸುತ್ತಾನೆ. ತಿಂಗಳಿಗೆ ಎರಡು ಸಲ ಮನೆಗೆ ಬಂದರೆ ಹೆಚ್ಚು. ಮನೆಯೆಂದರೆ ಎರಡು ಕೋಣೆ, ಒಂದು ಅಡುಗೆಮನೆ, ಕೆಳಗಿನ ಮಹಡಿ. ಅಲ್ಲಿ ಅವಳು, ಒಂಬತ್ತು ವರ್ಷದ ಮಗಳು, ಮೂರು ವರ್ಷದ ಮಗ ಮತ್ತು ಅತ್ತೆ. ಅತ್ತೆ ಹಿಟ್ಟಿನ ಗಿರಣಿಯಲ್ಲಿ ಮೂಟೆ ಹೊತ್ತು ದುಡಿದ ಗಟ್ಟಿ ಹೆಂಗಸು. ಮಾತಿನಲ್ಲಿ ನನ್ನ ಸರಿಸಮ ನಿಲ್ಲುವವರನ್ನು ನಾನು ಹೆಚ್ಚು ನೋಡಿಲ್ಲ, ಆಕೆ ಒಬ್ಬರು.

ಮಗಳು ಹುಟ್ಟಿದ್ದು ಸಲೀಸಾಗಿ. ಅವತ್ತು ಮಧ್ಯಾಹ್ನದವರೆಗೆ ಕಡತ ಜೋಡಿಸಿ, ನೋವು ಜೋರಾದ ಮೇಲೆ ಮೆಟ್ಟಿಲ ಕಂಬಿ ಹಿಡಿದುಕೊಂಡು ತಾನೇ ಹೆರಿಗೆ ವಾರ್ಡಿಗೆ ಹತ್ತಿಹೋದಳು. ಸಂಜೆ ನಾಲ್ಕಕ್ಕೆ ಮಗು. ಮಾರನೆಯ ದಿನ ನಡೆದುಕೊಂಡೇ ಮನೆಗೆ ಹೋದಳು. ಮಗನದು ಬೇರೆಯೇ ಕತೆ. ಎಂಟು ತಿಂಗಳು ತುಂಬುವ ಮೊದಲೇ ನೀರು ಹೋಯಿತು, ಮಗು ಹೊಟ್ಟೆಯಲ್ಲಿ ಅಡ್ಡ ಮಲಗಿತ್ತು. ತುರ್ತಾಗಿ ಕೊಯ್ದು ತೆಗೆದರು. ಮಗು ಒಂದು ತಿಂಗಳು ಗಾಜಿನ ಪೆಟ್ಟಿಗೆಯಲ್ಲಿ. ಇವಳ ಗಾಯ ಕೀವಾಗಿ, ಎರಡು ತಿಂಗಳು ಬೆನ್ನು ನೆಟ್ಟಗೆ ಮಾಡಲಾಗಲಿಲ್ಲ. ಆಗ ಅವಳನ್ನು ಎತ್ತಿ ಕೂರಿಸಿ, ಸ್ನಾನ ಮಾಡಿಸಿ, ಊಟ ಮಾಡಿಸಿ, ದೊಡ್ಡ ಮಗಳನ್ನೂ ನೋಡಿಕೊಂಡವರು ಅತ್ತೆ.

ಆ ಅತ್ತೆಗೆ ಕಳೆದ ವರ್ಷ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಮಾತು ಅರ್ಧ ಬಾಯಲ್ಲಿ ಬರುತ್ತದೆ. ಈಗ ಇವಳು ಅವರನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ದಿನಕ್ಕೆ ನಾಲ್ಕೈದು ಸಲ ಎತ್ತುತ್ತಾಳೆ. ಅಷ್ಟರಲ್ಲಿ ಮೂರನೆಯದು ನಿಂತಿತು. “ಏನೇ ಇದು?” ಎಂದೆ. “ಲಾರಿ ತಿಂಗಳಿಗೆ ಎರಡು ಸಲ ಬರುತ್ತಲ್ಲ ಅಕ್ಕಾ” ಎಂದಳು. ನಕ್ಕೆ, ಬೈದೆ, ಆಮೇಲೆ ಅವಳು ಏಣಿ ಹತ್ತದಂತೆ ತಡೆದೆ. ಏಣಿಯ ವಿಷಯಕ್ಕೆ ನಾವಿಬ್ಬರೂ ಒಂದು ವಾರ ಮಾತು ಬಿಟ್ಟಿದ್ದೆವು.

ಅವಳ ಹಟ ಒಂದೇ. ಈ ಸಲ ಹೊಟ್ಟೆ ಕೊಯ್ಸಿಕೊಳ್ಳುವುದಿಲ್ಲ.

“ಕೊಯ್ದರೆ ಎರಡು ತಿಂಗಳು ಭಾರ ಎತ್ತಬಾರದು ಅಂತಾರೆ ಅಕ್ಕಾ. ಅತ್ತೆನ ಯಾರು ಎತ್ತೋದು? ಅವರನ್ನ ಹಾಸಿಗೇಲಿ ಬಿಟ್ಟು ನಾನು ಪಕ್ಕದ ಹಾಸಿಗೇಲಿ ಮಲಕ್ಕೊಳ್ಳಲಾ?”

ಏಳು ತಿಂಗಳಿಗೆ ಹೆರಿಗೆ ವಿಭಾಗದ ಡಾಕ್ಟರಮ್ಮನ ಹತ್ತಿರ ಹೋದಾಗ ಜೊತೆಗೆ ನಾನೂ ಹೋಗಿದ್ದೆ. ಡಾಕ್ಟರಮ್ಮ ನಮ್ಮಲ್ಲಿಗೆ ಬಂದು ಒಂದೇ ವರ್ಷ. ಸಣ್ಣ ವಯಸ್ಸು, ಆದರೆ ಅವಸರವಿಲ್ಲದ ಹೆಂಗಸು. ಹೊಟ್ಟೆಯ ಮೇಲಿನ ಗಾಯದ ಗುರುತನ್ನು ಬೆರಳಿನಿಂದ ತಡವಿ ನೋಡಿ, ಒಂದು ಹಾಳೆಯ ಮೇಲೆ ಚಿತ್ರ ಬರೆದರು.

“ಚರ್ಮದ ಮೇಲಿನ ಗಾಯ ಒಂದು, ಒಳಗೆ ಗರ್ಭಕೋಶದ ಮೇಲಿನ ಗಾಯ ಇನ್ನೊಂದು. ಹೊರಗೆ ಅಡ್ಡ ಇದೆ ಅಂತ ಒಳಗೂ ಅಡ್ಡ ಇರಬೇಕಾಗಿಲ್ಲ. ಒಳಗೆ ಕೆಳಭಾಗದಲ್ಲಿ ಅಡ್ಡ ಕೊಯ್ದಿದ್ರೆ ನಾರ್ಮಲ್ ಹೆರಿಗೆಗೆ ಪ್ರಯತ್ನ ಮಾಡಬಹುದು. ನಿಮ್ಮ ಮೊದಲನೇದು ನಾರ್ಮಲ್ಲೇ ಆಗಿದೆ, ಅದು ಒಳ್ಳೇ ಲಕ್ಷಣ. ಆದ್ರೆ ಮೇಲಿಂದ ಉದ್ದಕ್ಕೆ ಕೊಯ್ದಿದ್ರೆ ನೋವು ಬರೋಕೇ ಬಿಡಬಾರದು. ಹಳೇ ಹೊಲಿಗೆ ಹರಿದ್ರೆ ತಾಯಿಗೂ ಅಪಾಯ, ಮಗೂಗೂ ಅಪಾಯ.”

“ನನ್ನದು ಯಾವುದು ಮೇಡಂ?”

“ಅದು ಹೊರಗಿಂದ ಗೊತ್ತಾಗಲ್ಲ. ಆಪರೇಷನ್ ಮಾಡಿದವರು ಬರೆದಿರೋ ಹಾಳೆ ನೋಡ್ಬೇಕು. ಹೆಚ್ಚಿನವರಿಗೆ ಕೆಳಗೇ ಕೊಯ್ದಿರ್ತಾರೆ. ನಿಮ್ಮ ಮಗು ಅಡ್ಡ ಇತ್ತು, ತಿಂಗಳೂ ತುಂಬಿರಲಿಲ್ಲ, ಅದಕ್ಕೇ ನನಗೆ ಅನುಮಾನ. ಫೈಲು ತನ್ನಿ. ನೀವೇ ರೆಕಾರ್ಡ್ ರೂಮಿನವರು, ನಿಮಗೇನು ಕಷ್ಟ?”

“ಸಿಗದಿದ್ದರೆ ಮೇಡಂ?”

“ನೋಡೋಣ” ಎಂದರು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗಿತ್ತು ಆ ಮಾತು. ಸಿಗದಿದ್ದರೆ ಎಂದು ಇವಳು ಯಾಕೆ ಕೇಳಿದಳು ಎಂದು ನನಗೆ ಅನಿಸಿತ್ತು. ಆ ಆಪರೇಷನ್ ಮಾಡಿದ ಹಿರಿಯ ಡಾಕ್ಟರು ತೀರಿಕೊಂಡು ಒಂದೂವರೆ ವರ್ಷವಾಗಿತ್ತು, ಅವರನ್ನು ಕೇಳುವ ಹಾಗಿರಲಿಲ್ಲ. ಕಂಪ್ಯೂಟರಿಗೆ ಹತ್ತಿಸಿದ್ದು ಕಳೆದ ಎರಡು ವರ್ಷದ ದಾಖಲೆ ಮಾತ್ರ. ಉಳಿದದ್ದು ಕಾಗದ, ಕಾಗದವೆಂದರೆ ನಾವು.

ಕೆಳಗೆ ಬಂದ ಕೂಡಲೇ ನಾನೇ ಹೆರಿಗೆ ಕಡತಗಳ ಸಾಲಿಗೆ ಹೋದೆ. ಅವಳ ನಂಬರಿನ ಜಾಗದಲ್ಲಿ ಕಡತವಿರಲಿಲ್ಲ, ಒಂದು ಕೆಂಪು ರಟ್ಟು ನಿಂತಿತ್ತು. ಮೂರು ವರ್ಷ ಹಿಂದಿನ ತಾರೀಖು. ಎಲ್ಲಿಗೆ ಹೋಯಿತು ಎಂಬಲ್ಲಿ ಖಾಲಿ. ಸಹಿ ಅವಳದೇ, ಬಾಲ ಮೇಲಕ್ಕೆ ಸುತ್ತಿದ ಆ ಸಹಿಯನ್ನು ಕತ್ತಲಲ್ಲೂ ಗುರುತಿಸುತ್ತೇನೆ.

ರಟ್ಟು ಹಿಡಿದುಕೊಂಡು ಬಂದು ಅವಳ ಮುಂದೆ ನಿಂತೆ. ಅವಳು ಸೀದಾ ಹೇಳಿಬಿಟ್ಟಳು. ಮಗ ಹುಟ್ಟಿ ಮೂರು ತಿಂಗಳ ರಜೆ ಮುಗಿಸಿ ಬಂದ ಮೊದಲ ದಿನ ತನ್ನ ಕಡತ ತೆರೆದಿದ್ದಳಂತೆ. ಮೊದಲ ಹಾಳೆಯಲ್ಲೇ ದಾಖಲಾತಿಯ ನರ್ಸು ಬರೆದಿದ್ದಳು: ‘ರೋಗಿ ಕಿರುಚಾಡುತ್ತಾಳೆ, ಹೇಳಿದ ಮಾತು ಕೇಳುವುದಿಲ್ಲ.’ ಅದನ್ನು ಓದಿ ಮುಚ್ಚಿಟ್ಟವಳು ಮುಂದಿನ ಹಾಳೆ ತಿರುಗಿಸಲೇ ಇಲ್ಲ. ಡಾಕ್ಟರಿಕೆ ಓದುವ ಹುಡುಗ ಹುಡುಗಿಯರು ಪಾಠಕ್ಕೆಂದು ಹೆರಿಗೆ ಕಡತ ಕೇಳಿಕೊಂಡು ಬರುತ್ತಿರುತ್ತಾರೆ. ನಾಳೆ ತನ್ನ ಕಡತವೂ ಅವರ ಕೈಗೆ ಹೋಗಿ, ಅವರು ತನ್ನ ಮುಖ ನೋಡಿ ಒಳಗೊಳಗೇ ನಕ್ಕರೆ? ಹಾಗಾಗಿ ನಾಶಕ್ಕೆಂದು ಕಟ್ಟಿಟ್ಟಿದ್ದ ಮೂವತ್ತು ವರ್ಷ ಹಳೆಯ ಕಡತಗಳ ನಡುವೆ ತೂರಿಸಿ ಬಂದಳು. ಆ ಸಾಲಿನ ಕಡೆಗೆ ಯಾರೂ ಸುಳಿಯುವುದಿಲ್ಲ.

“ಬಚ್ಚಿಡೋಕೆ ಹೋದವಳು ರಟ್ಟು ಯಾಕೆ ಇಟ್ಟೆ?” ಎಂದೆ.

ಅವಳು ರಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಇಟ್ಟೆನಾ?” ಎಂದಳು. ಕಳ್ಳ ತನ್ನ ವಿಳಾಸ ಬರೆದಿಟ್ಟು ಹೋದ ಹಾಗೆ. ಅವಳಿಗೂ ನಗು ತಡೆಯಲಿಲ್ಲ. ನನಗೆ ಮಾತ್ರ ಪಿತ್ತ ನೆತ್ತಿಗೇರಿತ್ತು. ಇದೇ ಕೋಣೆಯಲ್ಲಿ ಕೂತು ಕಡತ ಕಳೆಯುವುದೇ? ಅದೂ ನಾನು ಕಲಿಸಿದವಳು?

ನಾಶದ ಸಾಲು ಈಗ ಮೊದಲಿದ್ದ ಜಾಗದಲ್ಲಿರಲಿಲ್ಲ. ದಾಖಲೆ ಕೋಣೆ ಅಡುಗೆಮನೆಯ ಹಿಂದಿನಿಂದ ಹೊಸ ಕಟ್ಟಡದ ನೆಲಮಾಳಿಗೆಗೆ ಬದಲಾದಾಗ, ಹೊರುವವರು ಕಟ್ಟುಗಳನ್ನು ಮನಸ್ಸಿಗೆ ಬಂದಂತೆ ಐದು ಕಪಾಟುಗಳಲ್ಲಿ ಪೇರಿಸಿದ್ದರು. ಒಂದಷ್ಟು ಕಟ್ಟು ಆಗಲೇ ಚೂರು ಮಾಡುವ ಯಂತ್ರಕ್ಕೂ ಹೋಗಿತ್ತು. ದಿನಾ ಊಟದ ಹೊತ್ತಿನಲ್ಲಿ ಹುಡುಕತೊಡಗಿದೆವು. ನಾನು ಕಟ್ಟು ಇಳಿಸಿ ಕೊಡುವುದು, ಅವಳು ಸ್ಟೂಲಿನ ಮೇಲೆ ಕೂತು ದಾರ ಬಿಚ್ಚಿ ಒಂದೊಂದೇ ಮಗುಚುವುದು. ಬಾಯಲ್ಲಿ ಬ್ರೆಡ್ಡಿನ ತುಂಡು, ಮೂಗಿನಲ್ಲಿ ಧೂಳು. ಎರಡು ವಾರ ಕಳೆಯಿತು. ಎರಡು ಕಪಾಟು ಮುಗಿಯಿತು. ಅವಳ ಹೊಟ್ಟೆ ತೊಡೆಯ ಮೇಲೆ ಕೂರುವಷ್ಟು ಇಳಿದಿತ್ತು.

ಮೂರನೆಯ ವಾರದ ಮಂಗಳವಾರ ಕಣ್ಣು ತೋರಿಸಲು ರಜೆ ಹಾಕಿದ್ದೆ. ಬುಧವಾರ ಬಂದಾಗ ಅವಳು, “ಸಾಕು ಬಿಡಿ ಅಕ್ಕಾ, ಅದು ಚೂರಾಗಿ ಹೋಗಿರಬೇಕು. ನಿಮ್ಮ ಸೊಂಟ ಯಾಕೆ ಮುರೀಬೇಕು” ಎಂದಳು. ಯಂತ್ರಕ್ಕೆ ಹೋದ ಕಟ್ಟುಗಳ ಪಟ್ಟಿಯನ್ನು ನೋಡಿದೆಯಾ ಎಂದು ಕೇಳಿದೆ. ನೋಡಿದೆ ಎಂದಳು. ನನ್ನ ಸೊಂಟದ ಮೇಲಿನ ಕನಿಕರ ಅಷ್ಟು ದಿನ ಇರಲಿಲ್ಲವಲ್ಲ ಎಂದು ಅನಿಸಬೇಕಿತ್ತು. ಅನಿಸಲಿಲ್ಲ. ನಿಜ ಹೇಳಬೇಕೆಂದರೆ ಸೊಂಟ ನೋಯುತ್ತಲೇ ಇತ್ತು, ಸಾಕು ಎಂದದ್ದು ಕಿವಿಗೆ ಹಿತವಾಗಿತ್ತು.

ಮರುವಾರ ಅವಳೊಬ್ಬಳೇ ಡಾಕ್ಟರಮ್ಮನ ಹತ್ತಿರ ಹೋಗಿ ಬಂದಳು. ಮುಖ ಅರಳಿತ್ತು. ಕೈಯಲ್ಲಿ ಟೈಪು ಮಾಡಿದ ಒಂದು ಹಾಳೆ. ಹೆರಿಗೆ ಯೋಜನೆಯಂತೆ. ನೋವು ಶುರುವಾದ ತಕ್ಷಣ ಬರಬೇಕು, ಮನೆಯಲ್ಲಿ ಕಾಯಬಾರದು. ನೋವು ಬರಿಸುವ ಔಷಧ ಕೊಡುವುದಿಲ್ಲ. ಮಗುವಿನ ಎದೆಬಡಿತವನ್ನು ಒಂದೇ ಸಮನೆ ನೋಡುತ್ತಿರಬೇಕು. ಶಸ್ತ್ರಚಿಕಿತ್ಸೆಯ ಕೋಣೆ, ರಕ್ತ ಸಿದ್ಧವಿರಬೇಕು. ಎಡವಟ್ಟು ಕಂಡರೆ ಆ ಕ್ಷಣವೇ ಕೊಯ್ಯಲು ಒಪ್ಪಿಗೆಯಿದೆ ಎಂದು ಕೆಳಗೆ ಅವಳ ಸಹಿ.

“ಫೈಲು ಇಲ್ಲದೆ ಒಪ್ಪಿದ್ರಾ?”

“ಒಪ್ಪಿದ್ರು. ನೀವೇ ಇಲ್ಲ ಅಂದ ಮೇಲೆ ಇಲ್ಲ ಬಿಡಿ ಅಂದ್ರು.” ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡಳು.

ನನಗೂ ಸಂತೋಷವಾಯಿತು. ಅವತ್ತು ಇಬ್ಬರಿಗೂ ನಾನೇ ಚಹಾ ತರಿಸಿದೆ.

ಎರಡು ದಿನ ಬಿಟ್ಟು, ಶ್ವಾಸಕೋಶದ ವಿಭಾಗದಿಂದ ಒಂದು ಚೀಟಿ ಬಂತು. ಮೂವತ್ತೆರಡು ವರ್ಷ ಹಿಂದಿನ ಒಬ್ಬ ರೋಗಿಯ ಕಡತ ಬೇಕು, ನಾಶವಾಗಿರದಿದ್ದರೆ ಹುಡುಕಿ ಕೊಡಿ ಎಂದು. ಅವಳಿಗೆ ಬಗ್ಗುವುದು ಕಷ್ಟ, ಹಾಗಾಗಿ ನಾನೇ ಹೋದೆ. ನಾಲ್ಕನೆಯ ಕಪಾಟು, ಕೆಳಗಿನಿಂದ ಎರಡನೆಯ ಹಲಗೆ. ಬೂದುಬಣ್ಣದ ಹಳೆಯ ಕಟ್ಟುಗಳ ನಡುವೆ ಒಂದು ಕೆಂಪು ರಟ್ಟು ನಿಂತಿತ್ತು.

ನಾಶದ ಸಾಲಿನಲ್ಲಿ ಯಾರೂ ರಟ್ಟು ಇಡುವುದಿಲ್ಲ, ಅಗತ್ಯವಿಲ್ಲ. ಎಳೆದು ನೋಡಿದೆ. ಹೆರಿಗೆ ವಿಭಾಗದ ನಂಬರು. ಹಿಂದಿನ ವಾರದ ಮಂಗಳವಾರದ ತಾರೀಖು. ಬಾಲ ಮೇಲಕ್ಕೆ ಸುತ್ತಿದ ಸಹಿ.

ಕಡತ ಸಿಕ್ಕಿದೆ. ಸಿಕ್ಕಿದ್ದನ್ನು ಅವಳು ಮುಚ್ಚಿಟ್ಟಿದ್ದಾಳೆ. ಸಿಕ್ಕಿದ್ದನ್ನು ಮುಚ್ಚಿಡುವುದು ಯಾಕೆ ಎಂದು ಯೋಚಿಸಲು ಬುದ್ಧಿವಂತಿಕೆ ಬೇಕಾಗಿರಲಿಲ್ಲ. ಶ್ವಾಸಕೋಶದ ಕಡತವನ್ನು ಅಲ್ಲೇ ಬಿಟ್ಟು ಬಂದೆ.

ಅವಳು ಲಕೋಟೆಗಳಿಗೆ ನಂಬರು ಬರೆಯುತ್ತಿದ್ದಳು. ರಟ್ಟನ್ನು ಲಕೋಟೆಯ ಮೇಲೆ ಇಟ್ಟೆ. ಅವಳು ಪೆನ್ನನ್ನು ತುರುಬಿಗೆ ಸಿಕ್ಕಿಸಿದಳು, ನನ್ನ ಮುಖ ನೋಡಲಿಲ್ಲ.

“ಎಲ್ಲಿದೆ?”

ಮೇಜಿನ ಕೆಳಗಿನ ಖಾನೆಯಿಂದ, ತನ್ನ ಊಟದ ಡಬ್ಬಿಯ ಅಡಿಯಿಂದ ತೆಗೆದು ಕೊಟ್ಟಳು. ನಾನು ಮೂರನೆಯ ಹಾಳೆಗೆ ಹೋದೆ. ತೀರಿಕೊಂಡ ಹಿರಿಯ ಡಾಕ್ಟರ ಕೈಬರಹ ದೊಡ್ಡದು, ಕಣ್ಣು ಮಂದವಾದವರಿಗೂ ಕಾಣುವಂಥದು. ಮಗು ಅಡ್ಡ, ಬೆನ್ನು ಕೆಳಗೆ. ಗರ್ಭಕೋಶದ ಕೆಳಭಾಗ ಇನ್ನೂ ಬೆಳೆದಿಲ್ಲ. ಮೇಲ್ಭಾಗದಲ್ಲಿ ಉದ್ದಕ್ಕೆ ಕೊಯ್ದು ಮಗುವನ್ನು ತೆಗೆಯಲಾಯಿತು. ಅದರ ಕೆಳಗೆ ಎರಡು ಗೆರೆ ಎಳೆದು ಬರೆದಿದ್ದರು: ‘ಮುಂದಿನ ಸಲ ನೋವು ಬರಲು ಬಿಡಬಾರದು. ತಿಂಗಳು ತುಂಬುವ ಮೊದಲೇ ಶಸ್ತ್ರಚಿಕಿತ್ಸೆ. ತಾಯಿಗೆ ತಿಳಿಸಿದೆ.’

“ತಿಳಿಸಿದೆ ಅಂತ ಬರೆದಿದ್ದಾರಲ್ಲೇ!”

“ಯಾವಾಗ ತಿಳಿಸಿದ್ರೋ. ನನಗೆ ಆಪರೇಷನ್ನಿನ ಮಂಪರು ಇಳಿದಿರಲಿಲ್ಲ. ಮಗು ಬದುಕುತ್ತಾ ಅಂತ ಮಾತ್ರ ಕೇಳ್ತಾ ಇದ್ದೆ.”

“ಈಗ ಓದಿದ್ದೀಯಲ್ಲ?”

“ಓದಿದೆ.”

“ಓದಿಯೂ ಡಾಕ್ಟರಮ್ಮಂಗೆ ಇಲ್ಲ ಅಂದೆಯಾ?”

“ಕೆಳಗೇ ಕೊಯ್ದಿದ್ದು ಅಂತ ಆಗ ಯಾರೋ ಹೇಳಿದ್ರು ಅಂದೆ.” ಧ್ವನಿ ಇನ್ನೂ ತಗ್ಗಿತು. “ಅಕ್ಕಾ, ವಾರ್ಡಿನ ನರ್ಸನ್ನ ಸುಮ್ಮನೆ ಕೇಳೋ ಹಾಗೆ ಕೇಳಿದ್ದೀನಿ. ನೂರಕ್ಕೆ ಏಳೋ ಎಂಟೋ ಜನಕ್ಕೆ ಹರಿಯುತ್ತಂತೆ. ಮಿಕ್ಕವರಿಗೆ ಏನೂ ಆಗಲ್ಲ.”

ನನಗೆ ಸಿಟ್ಟು ಬಂದರೆ ಕೂಗುತ್ತೇನೆ ಎಂದು ಇಡೀ ಆಸ್ಪತ್ರೆಗೆ ಗೊತ್ತು. ಅವತ್ತು ಕೂಗಲಿಲ್ಲ. ಅವಳ ಎದುರಿನ ಸ್ಟೂಲಿನ ಮೇಲೆ ಕೂತೆ.

“ದಿನಕ್ಕೆ ನೂರು ಫೈಲು ಮೇಲಕ್ಕೆ ಕಳಿಸ್ತೀಯ. ಅದರಲ್ಲಿ ಎಂಟು ಬೇರೆಯವರ ಫೈಲು ಹೋದ್ರೆ, ಮಿಕ್ಕ ತೊಂಬತ್ತೆರಡು ಸರಿ ಇದೆಯಲ್ಲ ಅಂತ ಸುಮ್ಮನಿರ್ತೀಯಾ?”

ಅವಳು ರಟ್ಟಿನ ಅಂಚನ್ನು ಉಗುರಿನಿಂದ ಕೆರೆಯತೊಡಗಿದಳು.

“ಹಿಂದೆ ಒಂದು ಫೈಲು ತಪ್ಪಿ ಹೋಗಿದ್ದಕ್ಕೆ ಎರಡು ದಿನ ಊಟ ಬಿಟ್ಟವಳು ನೀನು. ಆ ಡಾಕ್ಟರಮ್ಮ ನಿನ್ನನ್ನ ಯಾಕೆ ನಂಬಿದ್ರು ಹೇಳು? ಈ ಕೋಣೆಯವಳು ಇಲ್ಲ ಅಂದ್ರೆ ಇಲ್ಲ ಅಂತ. ನೀನು ಸತ್ತರೆ ಆ ತಪ್ಪು ಆ ಡಾಕ್ಟರಮ್ಮನ ತಲೆ ಮೇಲೆ ಬರುತ್ತೆ. ಸತ್ತರೆ ನಿನ್ನ ಅತ್ತೆನ ಯಾರು ಎತ್ತೋದು? ಆ ಎರಡು ಮಕ್ಕಳನ್ನ ಯಾರು ಎತ್ತೋದು?”

ಆಗ ಅವಳು ಅತ್ತಳು. ಅಷ್ಟು ವರ್ಷದಲ್ಲಿ ನಾನು ನೋಡಿದ ಮೊದಲ ಸಲ. ಮೂಗು ಸೋರಿಸಿಕೊಂಡು, ತುರುಬು ಬಿಚ್ಚಿ, ಪೆನ್ನು ನೆಲಕ್ಕೆ ಬಿದ್ದು. ಮನೆಗೆ ಹೋದರೆ ಅತ್ತೆ ಒದ್ದೆ ಬಟ್ಟೆಯಲ್ಲಿ ಕೂತಿರುವುದು, ತಾನು ಎತ್ತುವಾಗ ಅವರು ಮುಖ ಆ ಕಡೆ ತಿರುಗಿಸಿಕೊಳ್ಳುವುದು, ಗಂಡನಿಗೆ ಹತ್ತು ದಿನಕ್ಕಿಂತ ರಜೆ ಸಿಗದಿರುವುದು, ಇಡೀ ದಿನ ಕೂಲಿಯವಳನ್ನಿಟ್ಟರೆ ಅತ್ತೆ ಅವಳ ಕೈ ಮುಟ್ಟಿಸಿಕೊಳ್ಳದಿರುವುದು, ಎಲ್ಲವೂ ಬಂತು. ನಾನು ಕೇಳಿದೆ. ಕಿಟಕಿಯ ಹೊರಗೆ ಯಾರೋ ಚೀಟಿ ಹಿಡಿದು ಕೆಮ್ಮುತ್ತಿದ್ದರು. ಕೆಮ್ಮಲಿ ಎಂದು ಬಿಟ್ಟೆ.

“ನಾನು ಎತ್ತುತ್ತೀನಿ” ಎಂದೆ.

ಅವಳು ಅಳು ನಿಲ್ಲಿಸಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಆ ನೋಟ ನನಗೆ ಇಷ್ಟವಾಗಲಿಲ್ಲ. ಐವತ್ತೊಂಬತ್ತರ ಹೆಂಗಸು, ಮೂವತ್ತು ವರ್ಷದಲ್ಲಿ ರಿಜಿಸ್ಟರಿಗಿಂತ ಭಾರದ್ದನ್ನು ಎತ್ತಿದವಳಲ್ಲ. ನಾಶದ ಕಟ್ಟು ಇಳಿಸಿದ್ದಕ್ಕೇ ಎರಡು ವಾರ ಎಣ್ಣೆ ತಿಕ್ಕಿಸಿಕೊಂಡವಳು.

“ರಜೆ ಎಂಬತ್ತು ದಿನ ಕೊಳೀತಾ ಬಿದ್ದಿದೆ. ನಿವೃತ್ತಿಗೆ ಮೊದಲು ಏನಾದ್ರೂ ಮಾಡ್ಬೇಕಲ್ಲ” ಎಂದೆ. “ನಾಳೆ ಹನ್ನೊಂದಕ್ಕೆ ಡಾಕ್ಟರಮ್ಮ ಕೂರ್ತಾರೆ. ನೀನೇ ಹೋಗಿ ಕೊಡು. ನಾನು ಬರಲ್ಲ. ಹನ್ನೊಂದೂವರೆಗೆ ನೀನು ಹೋಗಿಲ್ಲ ಅಂತ ಗೊತ್ತಾದ್ರೆ ಮಾತ್ರ ಬರ್ತೀನಿ.”

ಮಾರನೆಯ ದಿನ ಹನ್ನೊಂದಕ್ಕೆ ಐದು ನಿಮಿಷವಿರುವಾಗ ಅವಳು ಕಡತವನ್ನು ಎದೆಗೆ ಒತ್ತಿಕೊಂಡು ಎದ್ದಳು. ಹೋಗುವ ಮೊದಲು ನನ್ನ ಕಿಟಕಿಯ ಮುಂದೆ ನಿಂತು, ಬೇರೆಯವರ ಹಾಗೆ ಚೀಟಿ ಬರೆದು, ಕಡತ ಹೆರಿಗೆ ವಿಭಾಗಕ್ಕೆ ಎಂದು ನಮೂದಿಸಿ, ಸಹಿ ಮಾಡಿದಳು. ನಾನೂ ರಿಜಿಸ್ಟರಿಗೆ ಹತ್ತಿಸಿದೆ. ಅರ್ಧ ಗಂಟೆಯ ನಂತರ ಇಳಿದು ಬಂದಾಗ ಕಿವಿ ಕೆಂಪಾಗಿತ್ತು. ಡಾಕ್ಟರಮ್ಮ ಓದಿ, ಯೋಜನೆಯ ಹಾಳೆಯನ್ನು ಅವಳಿಂದ ವಾಪಸು ಪಡೆದು, ಎರಡು ತುಂಡು ಮಾಡಿ, “ಮೂವತ್ತೇಳನೇ ವಾರ, ಬುಧವಾರ, ಬೆಳಿಗ್ಗೆ ಹತ್ತು. ಅದಕ್ಕೆ ಮೊದಲು ಹೊಟ್ಟೆ ಸ್ವಲ್ಪ ಬಿಗಿದ್ರೂ ಓಡಿ ಬರ್ಬೇಕು” ಎಂದರಂತೆ. ಬೈದರಾ ಎಂದು ಕೇಳಿದೆ. “ಬೈಲಿಲ್ಲ. ಕಡೇಗೆ ಕೈ ಮುಗಿದ್ರು. ಬೈದಿದ್ರೇ ಚೆನ್ನಾಗಿತ್ತು” ಎಂದಳು.

ಆಮೇಲಿನ ಎರಡು ವಾರ ದಿನಾ ಸಂಜೆ ನಾನು ಎತ್ತುವುದನ್ನು ಕಲಿತೆ. ಕಲಿಸಿದ್ದು ಅತ್ತೆಯೇ, ಅರ್ಧ ಬಾಯಲ್ಲಿ. ಮೊದಲ ದಿನ ನಾನು ಅವರ ಕಂಕುಳಿಗೆ ಕೈ ಹಾಕಿ ಎಳೆದಾಗ ಇಬ್ಬರೂ ಮಂಚದ ಮೇಲೆ ಬಿದ್ದೆವು. ಮಗಳು ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಸೊಂಟ ಅಲ್ಲ... ಮಂಡಿ... ಮಂಡಿ ಬಗ್ಗಿಸು” ಎಂದರು ಅತ್ತೆ. “ಮೂಟೆ ಅಂದ್ಕೋ. ಮೂಟೇನ... ಎದೆಗೆ ತಗೋ. ದೂರ ಹಿಡಿದ್ರೆ... ಭಾರ.”

“ಮೂಟೆ ಬಾಯಿ ಮುಚ್ಚಿಕೊಂಡಿರುತ್ತಮ್ಮಾ” ಎಂದೆ.

“ಗಿರಣಿ ಮೂಟೆ... ಹಾಗಿರಲ್ಲ” ಎಂದರು. ಅರ್ಧ ಮುಖದಲ್ಲಿ ನಗು ಬಂತು. ನಾನು ಎತ್ತಿದಾಗ ಅವರು ಮುಖ ತಿರುಗಿಸಿಕೊಳ್ಳಲಿಲ್ಲ. ನಾಲ್ಕನೆಯ ದಿನ ನೆಟ್ಟಗೆ ಕುರ್ಚಿಗೆ ಕೂರಿಸಿದೆ. ಸೊಸೆಗೆ ಯಾಕೆ ದಿನ ಮೊದಲೇ ಗೊತ್ತು ಮಾಡಿದ್ದಾರೆ ಎಂದು ಅವರು ಒಂದು ಸಲವೂ ಕೇಳಲಿಲ್ಲ. ಗೊತ್ತಿತ್ತು ಎಂದುಕೊಂಡಿದ್ದೇನೆ.

ಆ ಬುಧವಾರ ಗಂಡ ಬಂದಿದ್ದ. ಲಾರಿಯವನು, ಎಂಥ ತಿರುವಿನಲ್ಲೂ ಹೆದರದವನು, ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ ಬೆಂಚಿನ ತುದಿಯಲ್ಲಿ ಕೂತು ಎರಡೂ ಮಂಡಿ ಅಲ್ಲಾಡಿಸುತ್ತಿದ್ದ. ನಾನು ಅವನ ಪಕ್ಕ ಕೂತಿದ್ದೆ. ಹತ್ತೂಮುಕ್ಕಾಲಿಗೆ ನರ್ಸು ಮಗುವನ್ನು ತಂದು ತೋರಿಸಿದಳು. ಹೆಣ್ಣು, ತಲೆ ತುಂಬ ಕಪ್ಪು ಕೂದಲು. ಅವನು ಮಗುವಿನ ಹಿಂದೆ ಓಡಿದ.

ಅದಾದ ಮೇಲೆ ಬಹಳ ಹೊತ್ತು ಯಾರೂ ಬರಲಿಲ್ಲ. ಹನ್ನೊಂದೂವರೆಯ ಮೇಲೆ ಡಾಕ್ಟರಮ್ಮ ಹೊರಗೆ ಬಂದು ಮುಖವಾಡ ಕೆಳಗಿಳಿಸಿದರು. ಬೆವತಿದ್ದರು.

“ಚೆನ್ನಾಗಿದ್ದಾರೆ. ಹೊಲಿಯೋಕೆ ಸ್ವಲ್ಪ ಹೊತ್ತಾಯ್ತು.” ನನ್ನ ಪಕ್ಕ ಕೂತು ಒಂದು ಉಸಿರು ಬಿಟ್ಟರು. “ಹಳೇ ಗಾಯದ ಜಾಗ ಇಷ್ಟುದ್ದ ಬಿಟ್ಟುಕೊಂಡಿತ್ತು. ಪೊರೆ ಒಂದೇ ಉಳಿದಿತ್ತು ಅಷ್ಟೇ. ನಾನು ಕೊಯ್ಯೋ ಮೊದಲೇ ಅದರ ಮೂಲಕ ಮಗೂನ ತಲೆಕೂದಲು ಕಾಣ್ತಾ ಇತ್ತು. ನಾಲ್ಕು ನೋವು ಬಂದಿದ್ರೆ ಸಾಕಿತ್ತು.”

ಅವರು ಎದ್ದುಹೋದ ಮೇಲೂ ನಾನು ಅಲ್ಲೇ ಕೂತಿದ್ದೆ. ಅವಳಿಗೆ ಅವತ್ತು ಇದನ್ನು ಹೇಳಬಾರದು ಎಂದು ತೀರ್ಮಾನಿಸಿಕೊಂಡೆ. ಗಡಿಯಾರ ನೋಡಿದೆ. ಹನ್ನೆರಡಕ್ಕೆ ಅತ್ತೆಯನ್ನು ಮಂಚದಿಂದ ಎತ್ತುವ ಹೊತ್ತು.

ಆಸ್ಪತ್ರೆಯಿಂದ ಅವಳ ಮನೆಗೆ ಹತ್ತು ನಿಮಿಷದ ನಡಿಗೆ. ಮಗಳು ಶಾಲೆಯಲ್ಲಿದ್ದಳು, ಮಗ ಪಕ್ಕದ ಮನೆಯಲ್ಲಿ. ಬೀಗ ತೆಗೆದು ಒಳಗೆ ಹೋದಾಗ ಅತ್ತೆ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದರು. ಬಲಗೈ ಹೊದಿಕೆಯನ್ನು ಮುದುರಿ ಹಿಡಿದಿತ್ತು. ಬೆಳಗಿನಿಂದ ಹಾಗೇ ಹಿಡಿದಿದ್ದರೋ ಏನೋ, ಬೆರಳು ಬೆಳ್ಳಗಾಗಿದ್ದವು. ಹೆಣ್ಣೋ ಗಂಡೋ ಎಂದು ಅವರು ಕೇಳಲಿಲ್ಲ.

“ಇಬ್ಬರೂ?” ಎಂದರು. ಆ ಒಂದು ಮಾತಿಗೆ ಅವರ ಬಾಯಿ ಎರಡು ಸಲ ಪ್ರಯತ್ನ ಪಟ್ಟಿತು.

ಮಂಚದ ಅಂಚಿನಲ್ಲಿ ಕೂತು ಅವರ ಬೆರಳುಗಳನ್ನು ಒಂದೊಂದಾಗಿ ಹೊದಿಕೆಯಿಂದ ಬಿಡಿಸಿದೆ.

“ಇಬ್ಬರೂ ಇದ್ದಾರಮ್ಮಾ” ಎಂದೆ. ಅವರಿಗೆ ಕೇಳಿಸಿತ್ತು, ಕಣ್ಣು ಮುಚ್ಚಿಕೊಂಡಿದ್ದರು. ಆದರೂ ಇನ್ನೊಂದು ಸಲ ಹೇಳಿದೆ, “ಇಬ್ಬರೂ ಇದ್ದಾರೆ.” ಎರಡನೆಯ ಸಲ ಹೇಳಿದ್ದು ನನಗೆ ನಾನೇ.